ಬಾನೆಟ್ ಮೇಲಿನ ಬಾಯಿ

೨೨ ಫೆಬ್ರುವರಿ ೧೯೯೩, ಸೋಮವಾರ. ಅಫಜಲಪುರ

ಅಮಾವಾಸ್ಯೆ ನಿನ್ನೆ ಮುಗಿಯಿತು. ಎಂದಿನಂತೆ ಬೆಳಗಿನ ಬಸ್ಸಿಗೆ ಜೇವರ್ಗಿಗೆ ಹೋಗಿ ತಮ್ಮ ಹರಿಯ ಮನೆಯಿಂದ ಗಾಡಿಯನ್ನೂ ಅವ್ವನನ್ನೂ ತಂದೆ. ಇನ್ನು ಹುಣ್ಣಿಮೆಯವರೆಗೆ ನನ್ನ ಪಾಳಿ. ಆಮೇಲೆ ಹರಿಯ ಪಾಳಿ. ಅಪ್ಪ ಹೋದ ಮೇಲೆ ಹೊಲ, ಮನೆ, ಹಿತ್ತಾಳೆ ಪಾತ್ರೆ ಎಲ್ಲ ವಾಟ್ನಿ ಆಯಿತು, ಇಬ್ಬರಿಗೂ ಸಮ ಪಾಲು. ಉಳಿದದ್ದು ಒಂದು ಫಿಯಾಟ್, ಒಬ್ಬಳು ಅವ್ವ. ಕೊಯ್ದು ಹಂಚಲು ಬರುವುದಿಲ್ಲವಲ್ಲ. ಅಪ್ಪನ ತಮ್ಮ, ನಮ್ಮ ಕಾಕಾ, ಕೂತು ಪಾಳಿ ಹಚ್ಚಿದರು. ಗಾಡಿಗೆ ಒಂದು ಕರಾರು ಬೇರೆ — ಯಾರ ಪಾಳಿಯಲ್ಲಿ ಅದು ಹಾದಿಯಲ್ಲಿ ಕೆಟ್ಟು ನಿಲ್ಲುತ್ತದೋ ಅವನ ಹಕ್ಕು ಖಲಾಸ್, ಗಾಡಿ ಇನ್ನೊಬ್ಬನದು. ಇಬ್ಬರೂ ಜೋಪಾನ ಮಾಡಲಿ ಎಂದು.

ಇವತ್ತು ಗಾಡಿ ನೋಡಿ ಮೈಯೆಲ್ಲ ಉರಿದುಹೋಯಿತು. ಹರಿ ಬಾನೆಟ್ಟಿನ ನಡುವೆ ಕೊರೆದು ತೂತು ಮಾಡಿದ್ದಾನೆ! ಮೇಲೆ ಕಪ್ಪು ಫೈಬರಿನ ಒಂದು ಗೂಡು. ಅದರ ಬಾಯಿ ಮುಂದಕ್ಕೆ, ಆ ಎಂದು ತೆರೆದುಕೊಂಡಿದೆ.

"ಇದಕ್ಕ ರ‍್ಯಾಮ್ ಏರ್ ಅಂತಾರ ಅಣ್ಣಾ. ಪುಣೆದಿಂದ ತರಸೀನಿ. ಗಾಡಿ ಓಡಿದಂಗ ಎದುರಿನ ತಂಪು ಗಾಳಿ ಇದರಾಗ ನುಗ್ಗಿ ಸೀದಾ ಕಾರ್ಬುರೇಟರಿಗಿ ಹೋಗ್ತದ. ಪಿಕಪ್ ನೋಡು ನೀ ಇನ್ನ."

ಕಾಲೇಜಿನಲ್ಲಿ ಫಿಜಿಕ್ಸ್ ಹೇಳುತ್ತಾನೆ. ನನ್ನೆದುರೂ ಅದೇ ಧಾಟಿ.

"ಅಪ್ಪನ ಗಾಡಿ ಇದು. ಒಂದ್ ಮಾತು ಕೇಳಬೇಕಿತ್ತಿಲ್ಲೋ?"

"ನನ್ನ ಪಾಳ್ಯಾಗ ಮಾಡೀನಲ್ಲ!"

ಹಲ್ಲು ಕಡಿದುಕೊಂಡು ಬಂದೆ. ಹಿಂದಿನ ಸೀಟಿನಲ್ಲಿ ಅವ್ವ ದಾರಿಯುದ್ದಕ್ಕೂ ವಿಷ್ಣು ಸಹಸ್ರನಾಮ.

೨೪ ಫೆಬ್ರುವರಿ

ಕೋರ್ಟು ಬಿಟ್ಟ ಮೇಲೆ ಮೆಹಬೂಬನ ಗ್ಯಾರೇಜಿಗೆ ಹೋದೆ. ಬಾನೆಟ್ ಎತ್ತಿ ನೋಡಿ ನಕ್ಕ. ಮೇಲಿನ ಗೂಡಿನ ಕುತ್ತಿಗೆಯಲ್ಲಿ ಸ್ಪಂಜಿನ ಫಿಲ್ಟರ್ ಇದೆ. ಕೆಳಗೆ ಕಾರ್ಬುರೇಟರಿನ ಮೇಲೆ ತಗಡಿನ ಡಬ್ಬಿ. ಆದರೆ ಡಬ್ಬಿಗೂ ಬಾನೆಟ್ಟಿಗೂ ನಡುವೆ ಬೆರಳು ತೂರುವಷ್ಟು ಸಂದು. ಫಿಲ್ಟರಿನ ಗೊಡವೆಯೇ ಇಲ್ಲದೆ ಇಂಜಿನ್ನಿನ ಬಿಸಿ ಗಾಳಿ, ಧೂಳು ಎಲ್ಲ ಆ ಸಂದಿನಿಂದ ಒಳಗೆ.

"ಸುತ್ತಲ ರಬ್ಬರ್ ಪಟ್ಟಿ ಹಾಕಬೇಕ್ರಿ ವಕೀಲಸಾಬ್. ಹಿಂಗ ಬಿಟ್ರ ಒಂದ್ ದಿನ ಪೆಟ್ರೋಲ್ ಬರೋ ತೂತು, ಜೆಟ್, ಧೂಳಿಗಿ ಕಟ್ಟಿ ಗಾಡಿ ಹಾದ್ಯಾಗ ಕುಂದರ್ತದ."

ಹಾದ್ಯಾಗ ಕುಂದರ್ತದ. ಮನೆಗೆ ಬರುವವರೆಗೂ ಅದೇ ಮಾತು ತಲೆಯಲ್ಲಿ.

೨೮ ಫೆಬ್ರುವರಿ, ಭಾನುವಾರ

ಪಟ್ಟಿ ನಾನೇ ಹಾಕಿದೆ. ಡಬ್ಬಿಯ ಅಂಚು ಉಸುಕಿನ ಕಾಗದದಿಂದ ತಿಕ್ಕಿ, ಪೆಟ್ರೋಲ್ ಬಟ್ಟೆಯಿಂದ ಒರೆಸಿದೆ. ಅಂಚಿಗೂ ಪಟ್ಟಿಗೂ ಅಂಟು ಸವರಿ, ಬೆರಳಿಗೆ ಹತ್ತದಷ್ಟು ಒಣಗಲು ಬಿಟ್ಟು ಒತ್ತಿದೆ. ಆತುರ ಮಾಡಿದರೆ ಜಾರುತ್ತದೆ. ಆಮೇಲೆ ಪಟ್ಟಿಯ ಮೇಲೆ ಸೀಮೆಸುಣ್ಣ ತಿಕ್ಕಿ ಬಾನೆಟ್ ಮುಚ್ಚಿ ತೆಗೆದೆ. ಬಾನೆಟ್ಟಿನ ಒಳಮೈಗೆ ಬಿಳಿ ಗೆರೆ ಮೂಡಿತು — ಬಲಕ್ಕೆ ಒಂದು ಕಡೆ ತುಂಡು. ಅಲ್ಲಿ ಪಟ್ಟಿ ತಾಗುತ್ತಿಲ್ಲ, ಇನ್ನೊಂದು ಪದರ. ಮತ್ತೆ ಸುಣ್ಣ. ಈಗ ಗೆರೆ ಎಲ್ಲೂ ಕಡಿಯದೆ ಸುತ್ತ ಬಂತು.

ಕರಜಗಿವರೆಗೆ ಓಡಿಸಿ ಬಂದೆ. ಸುಳ್ಳು ಯಾಕೆ ಬರೆಯಲಿ, ಗಾಡಿ ಹಾರುತ್ತದೆ. ಹರಿಗೆ ಮಾತ್ರ ಹೇಳುವುದಿಲ್ಲ. ಸತ್ತರೂ ಹೇಳುವುದಿಲ್ಲ.

೮ ಮಾರ್ಚ್, ಹುಣ್ಣಿಮೆ. ಸಂಜೆ

ಪಟ್ಟಿ ಕಿತ್ತೆ. ಬ್ಲೇಡಿನಿಂದ ಸೀಳಿ, ಉಳಿದ ಅಂಟನ್ನೂ ತಿಕ್ಕಿ ತೆಗೆದೆ. ನಾಳೆಯಿಂದ ಅವನ ಪಾಳಿ. ನಾನೇನು ಕೆಡಿಸಿದ್ದೇನೆ? ಅವನು ಹೇಗೆ ಕೊಟ್ಟನೋ ಹಾಗೆ ವಾಪಸ್ಸು. ಯಾವ ಕೋರ್ಟಿನಲ್ಲಿ ಬೇಕಾದರೂ ವಾದ ಮಾಡುತ್ತೇನೆ.

೯ ಮಾರ್ಚ್

ಹರಿ ಬಂದ, ಉಂಡ, ಅವ್ವನನ್ನು ಗಾಡಿಯಲ್ಲಿ ಕೂಡಿಸಿಕೊಂಡು ಹೋದ.

"ಹೆಂಗದ ಅಣ್ಣಾ ಪಿಕಪ್?"

"ನಿನ್ನ ಬುದ್ಧಿ ಹೆಂಗದನೋ ಹಂಗದ."

ನಗುತ್ತಾನೆ ಬೇರೆ. ನಗು, ನಗು.

೨೪ ಮಾರ್ಚ್, ಯುಗಾದಿ

ಗಾಡಿಯನ್ನೂ ಅವ್ವನನ್ನೂ ತಂದೆ. ಹರಿಯ ಪಾಳಿಯಲ್ಲಿ ಗಾಡಿ ನಿಲ್ಲಲಿಲ್ಲ. ಸ್ವಲ್ಪ ಕೆಮ್ಮುತ್ತದೆ, ಅಷ್ಟೇ. ಹಬ್ಬದ ದಿನ ಬೇವು ಬೆಲ್ಲ ತಿಂದದ್ದರಲ್ಲಿ ಬೇವೇ ಹೆಚ್ಚಾಯಿತು. ಮೆಹಬೂಬ ಕಾರ್ಬುರೇಟರ್ ಬಿಚ್ಚಿ ಊದಿದ. ಹೊಸ ಪಟ್ಟಿ ತಂದು ಹಾಕಿದೆ. ನನ್ನ ಪಾಳಿಯಲ್ಲಿ ನಿಂತರೆ ನನ್ನ ಹಕ್ಕು ಹೋಗುತ್ತದಲ್ಲ.

೬ ಏಪ್ರಿಲ್, ಹುಣ್ಣಿಮೆ

ಮತ್ತೆ ಕಿತ್ತೆ. ಈ ಸಲ ಡಬ್ಬಿಯ ಎರಡು ಸ್ಕ್ರೂ ಸಹ ಸಡಿಲಿಸಿದೆ. ಸಂದು ಈಗ ಎರಡು ಬೆರಳು. ಪ್ರಮಿಲಾ ಹಿತ್ತಲ ಬಾಗಿಲಲ್ಲಿ ಬಂದು ನಿಂತಿದ್ದು ಗೊತ್ತಾಗಲಿಲ್ಲ.

"ಅತ್ತಿ ಕುಂದರ್ತಾರಲ್ರಿ ನಾಳೆ ಅದರಾಗ. ಈ ಬಿಸಿಲಾಗ."

"ನೀ ಒಳಗ ನಡಿ. ಗಂಡಸರ ಕಾರಭಾರದಾಗ ಬಾಯಿ ಹಾಕಬ್ಯಾಡ."

ಹೆಂಡತಿ ಎಂದರೆ ಗಂಡನ ಕಡೆ ಇರಬೇಕು. ಇವಳಿಗೆ ಮೈದುನನ ಮೇಲೆ ಕನಿಕರ. ಇರಲಿ. ಅವ್ವ ಕೂತರೆ ಏನಾಗುತ್ತದೆ? ಹೋದ ಸಲ ಏನಾಯಿತು? ಏನೂ ಆಗಲಿಲ್ಲ.

೭ ಏಪ್ರಿಲ್, ಬುಧವಾರ. ಸಂಜೆ

ಗೆದ್ದೆ.

ಮಧ್ಯಾಹ್ನ ಕೋರ್ಟಿನ ಹೊರಗೆ ಬಸ್ಸಿನ ಕಂಡಕ್ಟರ್ ಹೇಳಿದ — "ನಿಮ್ಮ ಫಿಯಾಟ್ ಸೊನ್ನ ಕ್ರಾಸ್ ಹತ್ರ ನಿಂತದ್ರಿ. ಮುದುಕಿ ಒಬ್ರು ಬಿಸಿಲಾಗ ಕುಂತಾರ." ಮೊದಲನೇ ಮಾತಿಗೆ ಎದೆ ಉಬ್ಬಿತು. ಎರಡನೆಯದು ಕಿವಿಗೇ ಬೀಳಲಿಲ್ಲ ಎನ್ನಬೇಕು. ಮೆಹಬೂಬನನ್ನು ಕರೆದುಕೊಂಡು ಜೀಪಿನಲ್ಲಿ ಹೊರಟೆ.

ಅವ್ವ ಜಾಲಿ ಗಿಡದ ಬುಡದಲ್ಲಿ. ನೆರಳು ಎನ್ನುವುದು ಹೆಸರಿಗೆ. ತಲೆಯ ಮೇಲೆ ಒದ್ದೆ ಸೆರಗು, ಅದೂ ಒಣಗಿತ್ತು. ಹರಿ ಯಾವುದೋ ಹೊಲದ ಬಾವಿಯಿಂದ ಬಾಟಲಿಯಲ್ಲಿ ನೀರು ತಂದು ಕುಡಿಸುತ್ತಿದ್ದ. ಅರ್ಧ ನೀರು ಗದ್ದದ ಮೇಲೆ.

ಮೆಹಬೂಬ ಬಾನೆಟ್ ಎತ್ತಿದ. ಎತ್ತಿದವನೇ ನನ್ನ ಕಡೆ ತಿರುಗಿದ.

"ವಕೀಲಸಾಬ್, ನೀವು ಅಷ್ಟು ಛಲೋ ರಬ್ಬರ್ ಪಟ್ಟಿ ಅಂಟಿಸಿದ್ರಿ, ಎಲ್ಲಿ ಹೋತ್ರಿ ಅದು?"

ಪಾಪ, ಅವನಿಗೇನು ಗೊತ್ತು. ಹರಿ ನನ್ನನ್ನು ನೋಡಿದ. ಅವ್ವನೂ ನೋಡಿದಳು.

ಹರಿ ಕೀಲಿ ತೆಗೆದು ನನ್ನ ಅಂಗೈಯಲ್ಲಿಟ್ಟ. "ಕರಾರಂದ್ರ ಕರಾರು. ಗಾಡಿ ನಿಂದು, ತೊಗೊ." ಬೈದಿದ್ದರೆ ನಾನೂ ನಾಲ್ಕು ಬೈಯುತ್ತಿದ್ದೆ. ಬೈಯಲಿಲ್ಲ ಹಲ್ಕಟ್.

ಜೇವರ್ಗಿ ಬಸ್ಸು ಬಂತು. ಅವ್ವ ಗಂಟು ಎತ್ತಿಕೊಂಡು ತಾನೇ ಕೈ ಮಾಡಿ ನಿಲ್ಲಿಸಿದಳು. ಹರಿ ಹತ್ತಿಸಿಕೊಂಡ. ಮೆಹಬೂಬ ಜೆಟ್ ಊದಿದ ಮೇಲೆ ಗಾಡಿ ಕೀಲಿ ತಿರುವಿದ ಒಂದೇ ಸಲಕ್ಕೆ ಶುರುವಾಯಿತು. ಆ ಬಸ್ಸು ಹೋದ ಕಡೆಗೆ ನೋಡದೆ ತಿರುಗಿಸಿಕೊಂಡು ಬಂದೆ. ಪ್ರಮಿಲಾ ತಟ್ಟೆ ಇಟ್ಟು ಒಳಗೆ ಹೋದಳು.

೨೨ ಏಪ್ರಿಲ್

ನನ್ನ ಪಾಳಿ. ಅವ್ವನನ್ನು ತರಲು ಜೇವರ್ಗಿಗೆ ಹೋದೆ, ಗಾಡಿಯಲ್ಲೇ. ಹಿಂದಿನ ಸೀಟಿಗೆ ಹೊಸ ಟವೆಲ್ ಹಾಸಿದ್ದೆ. ಅವ್ವ ಪಡಸಾಲೆಯಲ್ಲಿ ಅಕ್ಕಿ ಹಸನು ಮಾಡುತ್ತ ಕೂತಿದ್ದಳು. ಏಳಲಿಲ್ಲ.

"ಗಾಡಿ ನಿನ್ನ ಪಾಲಿಗಿ ಬಂತಲ್ಲ ವಾಮನಾ. ನಾ ಇವನ ಪಾಲಿಗಿ. ಈಗ ವಾಟ್ನಿ ಸರಿ ಆತು ನೋಡಪಾ."

"ಕರಾರು ಗಾಡಿದವ್ವಾ. ನಿಂದಲ್ಲ. ನಿಂದು ಬ್ಯಾರೆ."

"ನನ್ನ ಅದರಾಗ ಕೂಡಿಸಿ ಕಳಿಸಿದಿ. ಅವಾಗ ಬ್ಯಾರೆ ಇದ್ದಿದ್ದಿಲ್ಲೇನು?"

ಹರಿ ಚಹಾ ತಂದಿಟ್ಟ. ಕುಡಿಯದೆ ಎದ್ದೆ. ಅವನೇ ಕಿವಿ ಊದಿರಬೇಕು. ಸಣ್ಣವನಿದ್ದಾಗಿನಿಂದ ಅವ್ವನ ಸೆರಗು ಹಿಡಿದುಕೊಂಡೇ ಗೆದ್ದವನು. ಇರಲಿ. ಯಾರೂ ಬೇಡ. ಗಾಡಿ ಇದೆ.

೭ ಮೇ

ಹುಣ್ಣಿಮೆಯ ಮರುದಿನ. ಯಾರೂ ಬರಲಿಲ್ಲ. ಬರುವ ಕಾರಣವೂ ಇಲ್ಲ. ಆದರೂ ಪ್ರಮಿಲಾ ಎರಡು ತಟ್ಟೆ ಹೆಚ್ಚು ಹಾಕಿದ್ದಳು. ಬೇಕೆಂದೇ ಮಾಡುತ್ತಾಳೆ. ತಟ್ಟೆ ಎತ್ತಿ ಎಸೆದೆ.

೨೨ ಮೇ, ಶನಿವಾರ. ಬೆಳಿಗ್ಗೆ

ಅಮಾವಾಸ್ಯೆ ನಿನ್ನೆಗೆ ಮುಗಿಯಿತು. ನನ್ನ ಪಾಳಿ — ಎಂದು ಅಭ್ಯಾಸ ಬಲದಿಂದ ಬರೆದೆ. ಸ್ನಾನ ಮಾಡಿ ಅಂಗಿ ಹಾಕಿಕೊಂಡಿದ್ದೇನೆ. ಪ್ರಮಿಲಾ ಕೇಳಿದಳು: "ಗಾಡಿ ತೊಗೊಂಡ್ ಹೋಗ್ತೀರೇನ್ರಿ?" ಇಲ್ಲ ಎಂದೆ. ಬಸ್ಸಿಗೆ ಹೋಗುತ್ತೇನೆ. ಕೀಲಿ ಜೇಬಿನಲ್ಲಿದೆ. ಹರಿಗೆ ಕೊಡುತ್ತೇನೆಂದು ಅಲ್ಲ. ಯಾಕೆ ಕೊಡಲಿ? ಬಾನೆಟ್ ಕೊರೆದವನು ಅವನು. ಅವನಿಗೆ ಒಂದು ಮಾತೂ ಹೇಳುವುದಿಲ್ಲ.

ಹೇಳಬೇಕಾದದ್ದು ಅವ್ವನಿಗೆ. ಬಸ್ಸಿನಲ್ಲಿ ಕೂತರೆ ಧೈರ್ಯ ಹೋಗುತ್ತದೆ, ಇಲ್ಲೇ ಬರೆದು ನೋಡಿ ಬಾಯಿಪಾಠ ಮಾಡಿಕೊಳ್ಳುತ್ತೇನೆ. ಸಾಕ್ಷಿದಾರರಿಗೆ ಕಲಿಸಿದ ಹಾಗೆ. ಸುತ್ತಿ ಬಳಸಿ ಬೇಡ, ನೇರವಾಗಿ.

ಅವ್ವಾ, ಆ ದಿನ ನಾನು —