ಡಾಕ್ಟರ ದೋಣಿಯ ಸುತ್ತ ನಮ್ಮ ಕೇರಿ

ನವೆಂಬರ್ ೧೪, ಮಂಗಳವಾರ. ತೊನ್ಲೇ ಸಾಪ್ ಸರೋವರ, ಕಾಂಬೋಡಿಯಾ.

ಆಸ್ಪತ್ರೆ ದೋಣಿ ಈ ಸಲವೂ ಮಾರುಕಟ್ಟೆ ಹತ್ತಿರವೇ ಲಂಗರು ಹಾಕಿತು. ಹೋದ ವರ್ಷ ತಮ್ಮನ ಮಗಳು ಮಾಲಿಸಳ ಕೂಸು ಜ್ವರದಲ್ಲಿ ಸುಡುತ್ತಿದ್ದಾಗ ಕೈಮುಗಿದು ಕರೆದಿದ್ದೆ. "ನಿಮ್ಮ ಕೇರಿ ದೂರ" ಅಂದಿದ್ದ ಡಾಕ್ಟರ್. ಕೂಸು ಉಳಿಯಲಿಲ್ಲ. ಆ ಮಾತು ಮಾತ್ರ ನನ್ನ ಹೊಟ್ಟೆಯಲ್ಲಿ ಉಳಿಯಿತು.

ಮಾಲಿಸ್ ಈಗ ಮತ್ತೆ ಬಸುರಿ. ಈ ಸಲ ನಾನು ಕೈಮುಗಿಯಲಿಲ್ಲ. ನೀರಿಳಿದಾಗ ತೇಲುವ ಮನೆಗಳನ್ನು ಎಳೆದೊಯ್ಯುವುದರಲ್ಲಿ ನನ್ನಂಥ ಗಟ್ಟಿಗ ಈ ಸರೋವರದಲ್ಲೇ ಇಲ್ಲ. ಅದೇ ಡಾಕ್ಟರ್ ಮಾರುಕಟ್ಟೆಯವರ ನಾಡಿ ನೋಡಿ, ಅಲ್ಲಿನ ಸಾಹುಕಾರನ ಮನೆಯಲ್ಲಿ ಉಂಡು ಮಲಗಿ ಏಳುವಷ್ಟರಲ್ಲಿ ಇಡೀ ಕೇರಿಯನ್ನು ಅವನ ದೋಣಿಯ ಸುತ್ತ ಬಿಗಿದಿದ್ದೆ, ಕೋಳಿ, ಹಂದಿ, ಮೀನಿನ ನಾತ ಸಮೇತ.

"ಏನಯ್ಯಾ ಇದು? ದಾರಿ ಬಿಡು."

"ದೂರ ಅಂದಿದ್ರಲ್ಲ ಸ್ವಾಮಿ, ಹತ್ತಿರ ತಂದೀನಿ. ಎಲ್ಲರನ್ನೂ ನೋಡಿ ಮುಗಿಸಿ, ಹಗ್ಗ ಬಿಚ್ತೀನಿ."

"ಪೊಲೀಸರನ್ನ ಕರೆಸ್ತೀನಿ."

"ಕರೆಸಿ. ಅವರಿಗೂ ಬಿಪಿ ನೋಡೀರಂತೆ."

ದಾರಿ ಸಿಗದೆ ಡಾಕ್ಟರ್ ಒಬ್ಬೊಬ್ಬರನ್ನೇ ನೋಡತೊಡಗಿದ. ಮಾಲಿಸಳ ಹೊಟ್ಟೆ ಪರೀಕ್ಷಿಸಿ, "ಮಗು ಗಟ್ಟಿಯಾಗಿದೆ" ಅಂದ. ಮುಖದ ಬೆವರು ಒರೆಸಿಕೊಂಡು ಮುಂದಿನವರನ್ನು ಕರೆದ.

"ಸಾಕು ಬಿಡು ದೊಡ್ಡಪ್ಪ, ಪಾಪ" ಅಂದಳು ಅವಳು.

ಪಾಪವಂತೆ. ನನಗೆ ಸಾಲಲಿಲ್ಲ.

ಇನ್ನೂ ಅರ್ಧ ಕೇರಿ ಬಾಕಿ ಇದೆ. ಹಗ್ಗದ ತುದಿಯನ್ನು ಕಾಲಿಗೇ ಕಟ್ಟಿಕೊಂಡು ಮಲಗುತ್ತೇನೆ. ಅವನ ದೋಣಿ ಮಿಸುಕಿದರೂ ನನಗೆ ಎಚ್ಚರವಾಗಬೇಕು.