ಮದುವೆ ಬಟ್ಟೆಯ ಓರೆ ಗೆರೆ

ಸೋಲೋ ಪಟ್ಟಣ, ಗುರುವಾರ

ಅಕ್ಕಾ,
ಓರೆ ಗೆರೆಯ ಅಚ್ಚನ್ನು ಇನ್ನು ಯಾವ ಮದುವೆ ಬಟ್ಟೆಗೂ ಒತ್ತಬೇಡ.

ಮದುವೆಮನೆಗೆ ನಾನು ತಂದ ಆರು ಬಟ್ಟೆ ಬಿಚ್ಚಿದ ಕೂಡಲೇ ವರನ ಅಜ್ಜಿ ಹುಬ್ಬು ಗಂಟಿಕ್ಕಿದರು. “ಹೂವು, ಹಕ್ಕಿ ಚೆನ್ನಾಗಿದೆ. ಅದರ ಹಿಂದಿರೋ ಓರೆ ಗೆರೆ ಕತ್ತಿ ಸಾಲಲ್ವೇನಮ್ಮಾ? ಮದುವೇಲಿ ಇದನ್ನ ಉಟ್ಟರೆ ಗಂಡ ಹೆಂಡ್ತಿ ಜೀವಮಾನ ಪೂರ್ತಿ ಕಚ್ಚಾಡ್ತಾರೆ. ನಿಮ್ಮ ಪೆಕಲೋಂಗನ್ ಕಡೆಯೋರಿಗೆ ಇಷ್ಟೂ ಗೊತ್ತಿಲ್ವಾ?” ನಮ್ಮ ಕಡೆ ಕಣ್ಣಿಗೆ ಚೆಂದ ಕಂಡದ್ದನ್ನೆಲ್ಲ ಒತ್ತುತ್ತೇವೆ ಅನ್ನುವ ಬದಲು, ಸರಿಮಾಡಿ ಕೊಡುತ್ತೇನೆ ಅಂದೆ.

ಮದುವೆ ನಾಳೆ. ಎರಡು ದಿನ ಹೂವು ಹಕ್ಕಿಗಳಿಗೆ ಬಣ್ಣ ಹತ್ತದಂತೆ ಮೇಲೆಲ್ಲ ಮೇಣ ಬಳಿದು, ಗೆರೆ ಮುಚ್ಚಿಹೋಗಲೆಂದು ಬಟ್ಟೆಗಳನ್ನು ಕಡುಕಂದು ಬಣ್ಣದಲ್ಲಿ ಅದ್ದಿದೆ. ಅಜ್ಜಿ ಪಕ್ಕದಲ್ಲೇ ಕೂತು ಕಾವಲು. ಎಡಗೈ ಸ್ವಲ್ಪ ಸುಟ್ಟಿದೆ, ಅಮ್ಮನಿಗೆ ಹೇಳಬೇಡ.

ಈಗಷ್ಟೇ ಕುದಿನೀರಲ್ಲಿ ಮೇಣ ತೆಗೆದೆವು. ಐದರಲ್ಲಿ ಗೆರೆ ಕಾಣಲಿಲ್ಲ. ಆರನೆಯದರಲ್ಲಿ, ನನ್ನ ಕೈ ಸುಟ್ಟಾಗ ಮೇಣ ಚೆಲ್ಲಿದ್ದ ಜಾಗದಲ್ಲಿ, ಒಂದು ಕತ್ತಿ ಬೆಳ್ಳಗೆ ಉಳಿದಿತ್ತು. ನಾನು ಮಡಚಿ ಬಚ್ಚಿಡುವಷ್ಟರಲ್ಲಿ ಅಜ್ಜಿ ಕಸಿದುಕೊಂಡರು.

“ಇದು ನಂಗಿರ್ಲಿ,” ಅಂದರು. “ನಮ್ಮ ಯಜಮಾನ್ರು ಹೋಗಿ ಎಂಟು ವರ್ಷ ಆಯ್ತು. ಇನ್ಯಾರ ಜೊತೆ ಕಚ್ಚಾಡ್ಲಿ?”

ಅವಸರದಲ್ಲಿ,
ನಿನ್ನ ವೂರಿ