ಎಡೆಗೆ ಕಾಬ್ಲರ್ ಇಡಲೋ, ಹೋಳಿಗೆ ಇಡಲೋ

ಅತ್ತೆಯವರಿಗೆ, ನಿಮ್ಮ ಕಿರಿಸೊಸೆಯಿಂದ,

ಈಗ ನಸುಕಿನ ಮೂರು ಗಂಟೆ. ನಳಕ್ಕೆ ನೀರು ಬಂತು, ಬಾಜು ಮನೆಯವರು ಮೋಟಾರು ಹಚ್ಚಿದರು, ಆ ಗುಂಯ್ ಅನ್ನುವ ಸದ್ದಿಗೆ ಎಚ್ಚರವಾಯಿತು. ಎಚ್ಚರವಾಯಿತು ಅನ್ನುವುದೂ ಸುಳ್ಳೇ, ನಿದ್ದೆ ಹತ್ತಿದ್ದರೆ ತಾನೇ? ಕೂಸಿನ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದೆ. ಉಸಿರು ಆಡುತ್ತಿದೆ. ಎರಡು ವರ್ಷ ದಾಟಿದ ಮಗಳಿಗೆ ಇನ್ನೂ ಹಾಗೆ ಬೆರಳು ಹಿಡಿಯುತ್ತೀಯಲ್ಲ ಅಂತ ನಿಮ್ಮ ಮಗ ನಗುತ್ತಾರೆ. ನೀವು ಒಂದು ಸಲವೂ ನಗಲಿಲ್ಲ. ಬೆಳಗಾದರೆ ನೀವು ಲಿಂಗೈಕ್ಯರಾಗಿ ವರ್ಷ. ನಿಮ್ಮ ಫೋಟೋದ ಮುಂದೆ ಎಡೆ ಇಡಬೇಕು, ನೀವು ಇಷ್ಟಪಟ್ಟು ತಿನ್ನುತ್ತಿದ್ದದ್ದನ್ನೇ ಮಾಡಿ ಇಡಬೇಕು. ಅಡುಗೆಮನೆಯ ಕಟ್ಟೆಯ ಮೇಲೆ ಪೀಚ್ ಹಣ್ಣು ತಂದಿಟ್ಟುಕೊಂಡಿದ್ದೇನೆ. ಆದರೆ ನಿಮಗೆ ಇಷ್ಟವಾದದ್ದು ಏನು ಅಂತ ನನಗೆ ಗೊತ್ತೇ ಇಲ್ಲವೇನೋ ಅಂತ ನಿನ್ನೆ ಸಂಜೆಯಿಂದ ಒಂದೇ ಸಮನೆ…

ನೀವು ಮೊದಲ ಸಲ ಆ ಹಣ್ಣು ತಂದ ದಿನ ನೆನಪಿದೆಯೇ? ನನಗೆ ತಾಯಿ ಇಲ್ಲವೆಂದು ಬಾಣಂತನಕ್ಕೆ ನೀವೇ ಖಾನಾಪುರದಿಂದ ಪೀರನವಾಡಿಯ ನಮ್ಮ ಮನೆಗೆ ಬಂದಿದ್ದಿರಿ. ಕಣ್ಣು ಮುಚ್ಚಿದರೆ ಕೂಸಿನ ಉಸಿರು ನಿಲ್ಲುತ್ತದೆ ಅಂತ ನಾನು ಹಗಲೂ ರಾತ್ರಿ ಅದರ ಮುಖವನ್ನೇ ನೋಡುತ್ತ ಕೂತಿರುತ್ತಿದ್ದೆ. ತಲೆ ಬಾಚಿಕೊಳ್ಳುವುದನ್ನೂ ಬಿಟ್ಟಿದ್ದೆ. ಒಂದು ಬೆಳಿಗ್ಗೆ ಪೇಟೆಗೆ ಹೋಗಿ ಬಂದವರೇ ಒಂದು ಹಣ್ಣನ್ನು ನನ್ನ ಕೈಯಲ್ಲಿಟ್ಟಿರಿ.

“ಹಿಡದ ನೋಡ, ಥೇಟ್ ನಿನ್ನ ಮಗಳ ಗಲ್ಲ. ಪೀಚ್ ಅಂತ. ಏನ ಮಾಡತಾರ ಇದರದು?”

ಹಾಸ್ಟೆಲ್ಲಿನಲ್ಲಿ ಗೋವಾದ ಗೆಳತಿಯೊಬ್ಬಳು ಕಾಬ್ಲರ್ ಮಾಡುತ್ತಿದ್ದಳು, ಕೆಳಗೆ ಹಣ್ಣು, ಮೇಲೆ ಬೆಣ್ಣೆ ಹಾಕಿ ಕಲಸಿದ ಮೈದಾ ಹಿಟ್ಟು, ಅದನ್ನು ಓವನ್ನಿನಲ್ಲಿ ಬೇಯಿಸುವುದು ಅಂದೆ.

“ತತ್ತಿ ಹಾಕತಾರೇನ?”

“ಇಲ್ರೀ. ಆದ್ರ ನಮ್ಮನ್ಯಾಗ ಓವನ್ ಎಲ್ಲೈತ್ರಿ?”

“ಕುಕ್ಕರ್ ಐತಲ್ಲ. ಕೂಸಿನ್ನ ಇಲ್ಲಿ ಕೊಡು. ನಾ ಅದರ ಮಾರಿ ನೋಡಕೋತ ಕುಂದರತೇನಿ, ನೀ ಏಳ.”

ಎದ್ದೆ. ಕುಕ್ಕರಿನ ತಳಕ್ಕೆ ಉಪ್ಪು ಹಾಸಿ, ಮುಚ್ಚಳದ ರಬ್ಬರು, ಸೀಟಿ ತೆಗೆದು, ಒಳಗೆ ಡಬ್ಬಿ ಇಟ್ಟೆ. ಅದಕ್ಕೂ ಮೊದಲು, ಹಣ್ಣು ಬೇಯಿಸಿದ ರಸಕ್ಕೆ ಬೆರಳು ಅದ್ದಿ ಬಾಯಿಗೆ ಒಯ್ಯುವಷ್ಟರಲ್ಲಿ ನೀವು ಪಡಸಾಲೆಯಿಂದಲೇ ಕೂಗಿದಿರಿ: “ಏ ಹುಡುಗೀ! ಬೆರಳ ಚೀಪಾಕ ಮನ್ಯಾಗ ಒಂದ ಕೂಸು ಐತಿ, ಸಾಕು!” ಲಿಂಗಕ್ಕೆ ಎಡೆ ತೋರಿಸುವ ತನಕ ಸಿಹಿಯ ರುಚಿ ನೋಡಬಾರದು ಅನ್ನುವುದು ನಿಮ್ಮ ನೇಮ. ಹೋಳಿಗೆಯ ಹೂರಣವನ್ನೂ ನೀವು ಬರೀ ವಾಸನೆಯ ಮೇಲೆ ಇಳಿಸುತ್ತಿದ್ದಿರಿ. ಎಡೆ ತೋರಿಸಿದಿರಿ, ಆಮೇಲೆ ಒಂದು ಬಟ್ಟಲು ತುಂಬ ಹಾಕಿಕೊಂಡು, ತಳ ಕೆರೆದು ತಿಂದಿರಿ. “ಚೊಲೋ ಆಗೇತಿ. ಮುಂದಿನ ವಾರ ಮತ್ತ ಮಾಡು.” ನೀವು ಬಟ್ಟಲು ತೊಳೆಯಲು ಎದ್ದ ಮೇಲೆ ನಾನು ಒಂದು ಚಮಚ ಬಾಯಿಗಿಟ್ಟೆ. ಅಯ್ಯೋ! ಹಣ್ಣಿಗೂ ಸಕ್ಕರೆ ಹಾಕಿಲ್ಲ, ಹಿಟ್ಟಿಗೂ ಹಾಕಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ಹುಳಿ.

“ಯಾಕ್ರೀ ಹೇಳಲಿಲ್ಲ?”

“ಏನ ಹೇಳೂದು? ಹಣ್ಣಂದ ಮ್ಯಾಲ ಹುಳಿ ಇರೂದ.”

ಹೆರಿಗೆಯಾದ ಮೇಲೆ ನಾನು ನಕ್ಕಿದ್ದು ಅದೇ ಮೊದಲು.

ಖಾನಾಪುರಕ್ಕೆ ತಿರುಗಿ ಹೋದ ಮೇಲೂ ನೀವು ಬಿಡಲಿಲ್ಲ. ಪೀಚ್ ಸಿಗುವಷ್ಟು ದಿನ ವಾರಕ್ಕೊಮ್ಮೆ ಬಂದೇ ಬರುತ್ತಿದ್ದಿರಿ. ಬಸ್ಸು ನಮ್ಮ ಸ್ಟಾಪು ದಾಟಿ ಹೋಗುವಾಗ ಇಳಿಯದೆ, ಬೆಳಗಾವಿ ಪೇಟೆಯ ತನಕ ಹೋಗಿ, ಹಣ್ಣು ಆರಿಸಿಕೊಂಡು, ಇನ್ನೊಂದು ಬಸ್ಸು ಹಿಡಿದು ಹಿಂದಕ್ಕೆ ಬರುತ್ತಿದ್ದಿರಿ. ಮೊಣಕಾಲು ನೋವು ಬೇರೆ. ಮರುವರ್ಷದ ಹಂಗಾಮಿನಲ್ಲೂ ಹಾಗೇ. ಸಕ್ಕರೆ ಎಷ್ಟು ಹಾಕಿದರೂ ಆ ಹಣ್ಣಿನ ಹುಳಿ ಪೂರ್ತಿ ಹೋಗುತ್ತಿರಲಿಲ್ಲ, ನೀವು ಮಾತ್ರ ತಳ ಕೆರೆದು ತಿನ್ನುತ್ತಿದ್ದಿರಿ. ನಿಮಗೆ ಕಾಬ್ಲರ್ ಅಂದರೆ ಎಷ್ಟು ಆಸೆ ಅಂತ ನಾನು ಓಣಿಯವರಿಗೆಲ್ಲ ಹೇಳಿಕೊಂಡು ತಿರುಗಿದೆ.

ನಿನ್ನೆ ಸಂಜೆ ಮಾವನವರು, ನಿಮ್ಮ ಹಿರಿಸೊಸೆ ಇಬ್ಬರೂ ಬಂದಿಳಿದರು. ಎಡೆಗೆ ಏನು ಅಂತ ಮಾತು ಬಂತು. ನಾನು ಪೀಚ್ ತೋರಿಸಿದೆ.

“ಅಯ್ಯ, ಬೇಕರಿ ತಿನಿಸು ಎಡಿಗಿ ಇಡತಾರೇನ ಯವ್ವಾ?” ಅಂದರು ಅಕ್ಕ.

“ಬೇಕರೀದಲ್ಲ ಅಕ್ಕಾ, ಮನ್ಯಾಗ ಮಾಡೂದು. ಅತ್ತಿಯವರಿಗೆ ಭಾಳ ಸೇರತಿತ್ತು.”

ಆಗ ಮಾವನವರು ನಕ್ಕುಬಿಟ್ಟರು. ಕುಹಕದ ನಗು ಅಲ್ಲ, ಪಾಪ. “ಆಕಿಗೆಲ್ಲಿ ಸೇರಬೇಕು? ಹುಳಿ ತಿಂದ್ರ ಆಕಿ ಹಲ್ಲು ಜುಮ್ ಅಂತಿದ್ದು. ಹುಣಸಿಹಣ್ಣಿನ ಸಾರು ಸೈತ ಉಣತಿದ್ದಿಲ್ಲ. ಇಲ್ಲಿಂದ ಮನಿಗಿ ಬಂದಕೂಡಲೆ ಬಿಸಿನೀರು ಬಾಯಾಗ ಹಿಡಕೊಂಡು ಕುಂದರತಿದ್ಲು. ಮಾಡೂ ನೆವದಾಗ ಹುಡುಗಿ ಏಳತಾಳ ಅಂತಿದ್ಲು.”

ನಾನು ಪೀಚ್ ಹಣ್ಣುಗಳನ್ನು ತಿರುಗಿ ಕಟ್ಟೆಯ ಮೇಲಿಟ್ಟೆ. ಅಕ್ಕ ಹೋಳಿಗೆಗೆ ಕಡಲೆಬೇಳೆ ಅಳೆದಿಟ್ಟು ಮಲಗಿದರು. “ಬೆಳಿಗ್ಗೆ ನೀನ ಹೇಳು, ಯಾವುದು ಮಾಡೂಣು” ಅಂದರು. ಒಳ್ಳೆಯವರೇ.

ಮಾವನವರು ಹೇಳಿದ್ದು ಖರೇನಾ? ಹಾಗಾದರೆ ಕೊನೆಯ ವಾರ, ಹಾಸಿಗೆ ಹಿಡಿದಾಗ, ಅಕ್ಕ ತಂದ ಹೋಳಿಗೆ ಬೇಡ ಅಂದಿರಿ, ನನ್ನ ಕಾಬ್ಲರ್ ಎರಡು ಚಮಚ ತಿಂದಿರಿ. ಅದು ಯಾತಕ್ಕೆ? ಇಷ್ಟವಾಗಿಯೋ, ಅಥವಾ ಆಗಲೂ ನನ್ನನ್ನು ಎಬ್ಬಿಸಲಿಕ್ಕೋ…

ನಿಮಗೆ ಗೊತ್ತಿಲ್ಲದ ಒಂದು ಸುದ್ದಿ ಹೇಳುತ್ತೇನೆ. ಹೋದ ತಿಂಗಳು ಹಿಂದಿನ ಓಣಿಯಲ್ಲಿ ಒಬ್ಬ ಬಾಣಂತಿ, ಕೂಸನ್ನು ಎದೆಗವಚಿಕೊಂಡು ಗೋಡೆ ನೋಡುತ್ತ ಕೂತಿರುತ್ತಾಳೆ ಅಂತ ಆಕೆಯ ಅತ್ತೆ ನನ್ನ ಮುಂದೆ ಹೇಳಿಕೊಂಡು ಅತ್ತರು. ನಾನು ಪೀಚ್ ತಗೊಂಡು ಹೋದೆ. ಕೂಸನ್ನು ನಾನು ಹಿಡಿದುಕೊಂಡೆ, ಆಕೆ ಎದ್ದು ಮಾಡಿದಳು. ತಳ ಪೂರ್ತಿ ಸುಟ್ಟಿತ್ತು, ಮೇಲಿನ ಹಿಟ್ಟು ಹಸಿ. ಎಲ್ಲ ತಿಂದೆ. ಚೆನ್ನಾಗಿದೆ ಅಂದೆ. ಹಾಗೆ ಅಂದಾಗ ಸುಳ್ಳು ಹೇಳುತ್ತಿದ್ದೇನೆ ಅಂತ ನನಗೆ ಅನ್ನಿಸಲೇ ಇಲ್ಲ ಅತ್ತೆ. ಮುಂದಿನ ವಾರ ಮತ್ತೆ ಹೋಗಬೇಕು ಅನ್ನಿಸಿತು. ನಿಮಗೂ ಹೀಗೇ ಆಗಿತ್ತೇ?

ಆದರೆ ಎಡೆಯನ್ನು ಅಂದಾಜಿನ ಮೇಲೆ ಇಡಲಿಕ್ಕಾಗುವುದಿಲ್ಲ. ನನ್ನ ಸಲುವಾಗಿ ಅಷ್ಟು ಹುಳಿ ತಿಂದವರ ಮುಂದೆ, ಹೋದ ಮೇಲೂ ಅದನ್ನೇ ಇಟ್ಟು ತಿನ್ನಿರಿ ಅನ್ನಲೇ? ಇಷ್ಟಪಟ್ಟೇ ತಿಂದಿದ್ದರೆ, ಮಾವನವರ ಒಂದು ಮಾತಿಗೆ ಅದನ್ನು ನಿಮ್ಮಿಂದ ತಪ್ಪಿಸಲೇ? ಬೇಳೆ ನೆನೆಸಿಲ್ಲ, ಹಣ್ಣು ಹೆಚ್ಚಿಲ್ಲ. ಎರಡೂ ನಿಮ್ಮನ್ನೇ ಕಾಯುತ್ತಿವೆ. ಸೇರತಿದ್ದಿಲ್ಲ ಅಂತ ಅಂದ್ರೂ ನಾ ಅಳೂದಿಲ್ರೀ, ಆಣಿ ಮಾಡಿ ಹೇಳತೇನಿ. ಬೆಳಗಾಗೂದರೊಳಗ ಒಂದ ಫೋನ್ ಮಾಡ್ರಿ. ಮಾತಾಡಾಕ ಆಗದಿದ್ರ ಬರೇ ಒಂದು ಮಿಸ್ಡ್ ಕಾಲ್ ಕೊಡ್ರಿ, ಸಾಕು, ನಾ ತಿಳಕೋತೇನಿ. ಅಕ್ಕ ಏಳೂದಕ್ಕಿಂತ ಮೊದಲ ಮಾಡ್ರಿ ಅತ್ತೀ, ಫೋನ್ ಕೈಯಾಗ ಹಿಡಕೊಂಡ ಕುಂತೇನಿ.